ಬರಲಾ? ಬರಲ್ಲ!
ಮನೆಮಂದಿಯ ಮೆಸೇಜಿನಲ್ಲಿ ಕಾಗುಣಿತ ಎಷ್ಟು ಬೇಕು, ಎಲ್ಲಿ ಬೇಕು?

ಮೈಸೂರಿನ ಅಗ್ರಹಾರ ನಿಮ್ಮಲ್ಲಿ ಎಷ್ಟೋ ಜನ ನೋಡಿರುವ ಜಾಗವೇ. ನೂರೊಂದು ಗಣಪತಿ ದೇವಸ್ಥಾನ, ಶಂಕರಮಠ, ವಾಣಿವಿಲಾಸ ಮಾರುಕಟ್ಟೆ, ಬೆಳಗಾದರೆ ಹೊಸಿಲ ಮುಂದೆ ರಂಗೋಲಿ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ ನೆಲೆಸಿದ್ದಾರೆ. ಎಷ್ಟೋ ಮನೆಗಳಲ್ಲಿ ಈಗ ಇರುವವರು ಹಿರಿಯರಿಬ್ಬರೇ. ಮೊದಲಾದರೆ ಹದಿನೈದು ದಿನಕ್ಕೊಮ್ಮೆ ಅಂಚೆಯವನು ಕಾಗದ ತರುತ್ತಿದ್ದ. ಈಗ ಕಾಗದವೂ ಇಲ್ಲ, ಕಾಯುವುದೂ ಇಲ್ಲ. ಒಗ್ಗರಣೆ ಸಿಡಿಯುವ ಹೊತ್ತಿಗೇ ಮಗಳ ಮೆಸೇಜು 'ಟಿಂಗ್' ಎಂದು ಬಂದುಬಿಡುತ್ತದೆ.

ಇಂಥ ಮನೆಗಳಲ್ಲಿ ಗೌರಿಹಬ್ಬದ ಮುಂಚೆ ನಡೆಯುವುದೇನು, ನೋಡಿ. ಅಮ್ಮ ಬಾಗಿನಕ್ಕೆ ಮೊರ ತಂದು ತೊಳೆದು ಅರಿಸಿನ ಸವರಿ ಇಟ್ಟಿದ್ದಾರೆ. ಬೆಂಗಳೂರಿನ ಮಗಳು ಆಫೀಸಿನ ಗಡಿಬಿಡಿಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡದಲ್ಲೇ ಒಂದು ಮಾತು ಕಳಿಸುತ್ತಾಳೆ. ಮೊದಲ ಪದ 'ನಾಳೆ'. ಎರಡನೆಯದು ಬಿ, ಎ, ಆರ್, ಎ, ಎಲ್, ಎ. ಅಷ್ಟೇ. ಕೊನೆಯಲ್ಲಿ ಪ್ರಶ್ನೆಚಿಹ್ನೆ ಇಲ್ಲ. ಮಗಳು ಕೇಳಿದ್ದು 'ನಾಳೆ ಬರಲಾ?' ಅಂತ. ಅಮ್ಮ ಓದಿಕೊಂಡದ್ದು 'ನಾಳೆ ಬರಲ್ಲ' ಅಂತ. 'ಸರಿ' ಎಂದು ಒಂದೇ ಮಾತು ಬರೆದು ಫೋನು ಕೆಳಗಿಟ್ಟರು. ಆ 'ಸರಿ'ಯನ್ನು ನೋಡಿ, ಬರಲು ಒಪ್ಪಿಗೆ ಸಿಕ್ಕಿತೆಂದು ಮಗಳು ಹೊರಟಳು. ಇತ್ತ ಅಮ್ಮ ಹೋಳಿಗೆಗೆ ನೆನೆಹಾಕಲು ಹೊರಟಿದ್ದ ಬೇಳೆಯನ್ನು ಡಬ್ಬಕ್ಕೆ ಸುರಿದರು. ನಗು ಬರುತ್ತದೆ, ನಿಜ. ಆದರೆ ಇದೇ ಮಾತು ಅತ್ತೆ ಸೊಸೆಯರ ನಡುವೆ ನಡೆದಿದ್ದರೆ? ಒಂದು 'ಲ' ಒತ್ತಿನಿಂದ ಎರಡು ತಿಂಗಳ ಮುನಿಸು ಹುಟ್ಟುವುದುಂಟು!

ಹಾಗಾದರೆ ಮನೆಮಂದಿಯ ಹರಟೆಯಲ್ಲೂ ವ್ಯಾಕರಣ, ಕಾಗುಣಿತ ಅಂತ ಮೇಷ್ಟ್ರ ಬೆತ್ತ ಹಿಡಿದು ಕೂರಬೇಕೇ? ನನ್ನ ಉತ್ತರ ಕೇಳಿ: ಕೆಲವು ಕಡೆ ಬೆತ್ತ ಬೇಕು, ಬಹಳ ಕಡೆ ಬೇಡವೇ ಬೇಡ. ಎಲ್ಲಿ ಬೇಕು, ಎಲ್ಲಿ ಬೇಡ ಎನ್ನುವುದನ್ನು ತಿಳಿಯುವುದೇ ಗೃಹಿಣಿಯ ಜಾಣ್ಮೆ. ಸಾರಿಗೆ ಉಪ್ಪು ಹಾಕಿದಂತೆ ಅನ್ನಿ.

ಬೇಳೆ ಬೆಲೆ ಎಷ್ಟು?

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ನಮಗೆ ಸುಮ್ಮನೆ ಬಂದದ್ದಲ್ಲ. ಮೊದಮೊದಲ ಮೊಬೈಲುಗಳಲ್ಲಿ ಕನ್ನಡವೇ ಇರಲಿಲ್ಲ. ಯಾರಾದರೂ ಕಳಿಸಿದರೂ ಪರದೆಯ ಮೇಲೆ ಸಾಲಾಗಿ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಅದಲ್ಲದೆ ದುಡ್ಡಿನ ಲೆಕ್ಕವೂ ಇತ್ತು. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಸುತ್ತವೆ. ಕನ್ನಡದ್ದಾದರೆ ಬರೀ 70. ಅದರಲ್ಲೂ ಗುಣಿತಕ್ಕೊಂದು, ಒತ್ತಿಗೊಂದು ಲೆಕ್ಕ ಹಿಡಿಯುವುದರಿಂದ ನಾಲ್ಕು ಮಾತು ಆಡುವಷ್ಟರಲ್ಲಿ ಎರಡನೆಯ ಮೆಸೇಜಿನ ಹಣ ಬೀಳುತ್ತಿತ್ತು. ಕೈಬಿಗಿ ಹಿಡಿದು ಸಂಸಾರ ಮಾಡುವವರು ಇಂಗ್ಲಿಷ್ ಅಕ್ಷರಕ್ಕೆ ಶರಣಾದರೆ ತಪ್ಪೇನು? ತಂತಿಯ ಕಾಲದಲ್ಲೂ ಇದೇ ಕತೆಯಾಗಿತ್ತಲ್ಲ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಗುವವರೆಗೂ ಪದಕ್ಕಿಷ್ಟು ಎಂದು ಹಣ ತೆತ್ತು, ಮಾತು ಕತ್ತರಿಸಿ ಕತ್ತರಿಸಿ ಕಳಿಸಿದವರು ನಮ್ಮ ಹಿರಿಯರು.

ಈಗ ಆ ಕಷ್ಟ ಇಲ್ಲ. ಅಭ್ಯಾಸ ಮಾತ್ರ ಉಳಿದುಬಿಟ್ಟಿದೆ. ಅದರಿಂದ ಆಗುವ ಫಜೀತಿ ಅಡುಗೆಮನೆಯ ನಮಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಲ-ಳ ಎರಡಕ್ಕೂ ಒಂದೇ ಅಕ್ಷರ. ನ-ಣ ಎರಡಕ್ಕೂ ಒಂದೇ. ಹ್ರಸ್ವ-ದೀರ್ಘ ಬರೆಯುವವರ ಇಷ್ಟ. ಹೀಗಾಗಿ ಮಾರುಕಟ್ಟೆಯ ಅಂಗಡಿಗೆ 'ಬೇಳೆ ಬೆಲೆ ಎಷ್ಟು?' ಎಂದು ಕೇಳಿ ಕಳಿಸಿದರೆ ಅಂಗಡಿಯವನ ಕಣ್ಣಿಗೆ ಒಂದೇ ಪದ ಎರಡು ಸಲ ಕಾಣುತ್ತದೆ. 'ಹೆಸರುಕಾಳು ಕಾಲು ಕೆ.ಜಿ.' ಎಂದರೂ ಅದೇ ಪಾಡು. 'ಹಾಲು ಹಾಳಾಯ್ತು' ಎನ್ನುವುದನ್ನು ಓದಬೇಕಾದರೆ ಎರಡು ಸಲ ಬಾಯಿಬಿಟ್ಟು ಹೇಳಿಕೊಳ್ಳಬೇಕು. 'ಅಜ್ಜಿ ಹಳ್ಳಿ ನೋಡಿ ಬಂದರು' ಎಂಬುದನ್ನು 'ಅಜ್ಜಿ ಹಲ್ಲಿ ನೋಡಿ' ಎಂದು ಓದಿಕೊಂಡರೆ ಶಕುನ ಕೇಳಲು ಹೊರಡಬೇಕಾದೀತು! ಮನೆ ಮಣೆ, ಕಲ್ಲು ಕಳ್ಳು, ಬಾಲೆ ಬಾಳೆ... ಪಟ್ಟಿ ಮಾಡುತ್ತಾ ಹೋದರೆ ಈ ಪುಟ ಸಾಲದು.

ಕನ್ನಡ ಅಕ್ಷರದಲ್ಲೇ ಬರೆದರೆ ಈ ತೊಡಕು ಮುಕ್ಕಾಲುಪಾಲು ತಾನಾಗಿಯೇ ಹೋಗುತ್ತದೆ. ನಮ್ಮ ಲಿಪಿಯ ದೊಡ್ಡ ಗುಣವೇ ಅದು. ಆಡಿದ್ದಕ್ಕೂ ಬರೆದದ್ದಕ್ಕೂ ಇರುವ ಅಂತರ ಬಹಳ ಸಣ್ಣದು.

ಯಾರ ಕನ್ನಡ ಸರಿ?

ಇಲ್ಲೊಂದು ಸೂಕ್ಷ್ಮ ಇದೆ. 'ಬರ್ತೀನಿ', 'ಹೋಗ್ಬಿಟ್ರು', 'ತಿಂಡಿ ಆಯ್ತಾ?', 'ಯಾಕೋ ಮನಸ್ಸೇ ಇಲ್ಲ ಕಣೇ' ಇವೆಲ್ಲ ಮೆಸೇಜಿನಲ್ಲಿ ಬಂದರೆ ವ್ಯಾಕರಣ ತಪ್ಪಿತೆಂದು ಹುಬ್ಬು ಗಂಟಿಕ್ಕುವವರಿದ್ದಾರೆ. 'ನಾನು ಬರುತ್ತೇನೆ' ಅಂತಲೇ ಬರೆಯಬೇಕಂತೆ. ನೀವೇ ಹೇಳಿ, ತಂಗಿಗೆ 'ನೀನು ಉಪಾಹಾರವನ್ನು ಸೇವಿಸಿದೆಯಾ?' ಎಂದು ಬರೆದರೆ ಅವಳು ಏನೆಂದುಕೊಂಡಾಳು? ಅಕ್ಕನಿಗೆ ಜ್ವರ ಬಂದಿದೆಯೇನೋ ಎಂದು ಫೋನು ಮಾಡಿಯಾಳು! ಮೆಸೇಜು ಎನ್ನುವುದು ಬರವಣಿಗೆಯ ಸೀರೆ ಉಟ್ಟ ಮಾತು. ಒಳಗಿರುವುದು ಮಾತೇ. ಜಗುಲಿಯ ಮೇಲೆ ಕೂತು ಆಡುವ ಹಾಗೆ ಬರೆದರೆ ಅದರಲ್ಲಿ ದೋಷವಿಲ್ಲ.

ಆಮೇಲೆ, ಆಡುವ ಮಾತು ಒಂದೇ ಥರ ಇರುತ್ತದೆಯೇ? ಅಗ್ರಹಾರದ ಒಂದೇ ಮನೆಗೆ ಧಾರವಾಡದ ಸೊಸೆ ಬರುತ್ತಾಳೆ, ಮಂಗಳೂರಿನವಳು ಬರುತ್ತಾಳೆ, ಚಾಮರಾಜನಗರದವಳೂ ಬರುತ್ತಾಳೆ. ಒಬ್ಬಳು 'ಬರ್ತೇನ್ರಿ' ಎಂದರೆ ಇನ್ನೊಬ್ಬಳು 'ಬರ್ತೇನೆ' ಅನ್ನುತ್ತಾಳೆ, ಮತ್ತೊಬ್ಬಳು 'ಬತ್ತೀನಿ' ಅನ್ನುತ್ತಾಳೆ. ಮೂವರೂ ಬರುವುದೇನೋ ಖಂಡಿತ! ಮೈಸೂರಿನವರಾದ ನಮಗೆ ನಮ್ಮ ಕನ್ನಡವೇ ಪುಸ್ತಕದ ಕನ್ನಡಕ್ಕೆ ಹತ್ತಿರ ಎಂಬ ಒಂದು ಸಣ್ಣ ಜಂಬ ಇದೆ, ಸುಳ್ಳು ಯಾಕೆ ಹೇಳಲಿ. ಆ ಜಂಬದಲ್ಲಿ ಹುಬ್ಬಳ್ಳಿ ಸೊಸೆಯ ಮೆಸೇಜನ್ನು ನಾದಿನಿಯರೆಲ್ಲ ಸೇರಿ ಆಡಿಕೊಂಡು ನಕ್ಕರೆ, ಅವಳು ನಮ್ಮ ಮನೆಯಲ್ಲಿ ತನ್ನ ತವರಿನ ಮಾತನ್ನು ಬಚ್ಚಿಟ್ಟುಕೊಳ್ಳಬೇಕಾಗುತ್ತದೆ. ಆಸೆಪಟ್ಟು ತಂದುಕೊಂಡ ಸೊಸೆ ತಾನೇ?

ಇನ್ನು ನಮ್ಮ ಕಡೆಯ ಅಕಾರ ಹಕಾರದ ಕತೆ. ಮೈಸೂರು, ಮಂಡ್ಯದ ಸೀಮೆಯಲ್ಲಿ ಬಹಳ ಜನ 'ಹಣ್ಣು' ಎನ್ನುವುದನ್ನು 'ಅಣ್ಣು' ಅನ್ನುತ್ತಾರೆ, 'ಹಬ್ಬ'ವನ್ನು 'ಅಬ್ಬ' ಅನ್ನುತ್ತಾರೆ. ಅದು ಆ ಸೀಮೆಯ ಉಚ್ಚಾರಣೆ. ಶಾಲೆಯಲ್ಲಿ ಅದಕ್ಕೆ ಬೈಸಿಕೊಂಡವರು ಮುಂದೆ ಹೆದರಿ ಹೆದರಿ, ಬೇಡದ ಕಡೆಯೂ ಒಂದು ಹಕಾರ ತಗುಲಿಸಿಬಿಡುತ್ತಾರೆ. ಆಗಲೇ 'ಅಕ್ಕಿ' ಹೋಗಿ 'ಹಕ್ಕಿ' ಆಗುವುದು. 'ಎರಡು ಸೇರು ಹಕ್ಕಿ ನೆನೆಹಾಕಿ' ಎಂದು ದೋಸೆಯ ವಿಧಾನ ಬಂದರೆ ನಗುತ್ತೇವೆ. ನಗುವ ಮುಂಚೆ ಒಂದು ಮಾತು ನೆನಪಿರಲಿ: ಆ ಹಕಾರ ಅಜ್ಞಾನದಿಂದ ಬಂದದ್ದಲ್ಲ, ಸರಿಯಾಗಿ ಬರೆಯಬೇಕೆಂಬ ಭಯದಿಂದ ಬಂದದ್ದು. ಹಾಗೆಂದು 'ಆದರದ ಸ್ವಾಗತ'ಕ್ಕೆ ಹಕಾರ ಸೇರಿಸಿ ಮದುವೆಯ ಕರೆಯೋಲೆ ಹಂಚಿದರೆ ಮಾತ್ರ ಮಾನ ಹೋಗುತ್ತದೆ. ಅಲ್ಲಿ ಎಚ್ಚರ ಬೇಕೇ ಬೇಕು!

ಅಲ್ಪಪ್ರಾಣ ಮಹಾಪ್ರಾಣದ ಜಗಳವಂತೂ ಪಂಡಿತರನ್ನೂ ಬಿಟ್ಟಿಲ್ಲ. ಮಹಾಪ್ರಾಣವನ್ನು ಕನ್ನಡಿಗರಲ್ಲಿ ಹೆಚ್ಚಿನವರು ಮಾತಿನಲ್ಲಿ ಉಚ್ಚರಿಸುವುದೇ ಇಲ್ಲ, ಬರಹದಲ್ಲೂ ಬಿಟ್ಟುಬಿಡಬಹುದು ಎಂದು ವಾದಿಸಿದವರು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಅವರು 2000ದಲ್ಲಿ ಬರೆದ ಪುಸ್ತಕದಿಂದ ದೊಡ್ಡ ಚರ್ಚೆಯೇ ಎದ್ದಿತು. ಒಪ್ಪಿದವರು ಉಂಟು, ಒಪ್ಪದವರೇ ಹೆಚ್ಚು. ನನ್ನನ್ನು ಕೇಳಿದರೆ ಮಹಾಪ್ರಾಣ ಇರಲಿ ಅನ್ನುತ್ತೇನೆ. 'ಮಧ್ಯಾಹ್ನ ಊಟಕ್ಕೆ ಬನ್ನಿ' ಎನ್ನುವಲ್ಲಿ ಧಕಾರದ ಕಾಲು ಸೀಳದೆ 'ಮದ್ಯ' ಆಗಿ ಕೂತರೆ ಬರುವ ನೆಂಟರು ಬೇರೆಯೇ ನಿರೀಕ್ಷೆ ಇಟ್ಟುಕೊಂಡು ಬಂದಾರು! ಆದರೆ ತಂಗಿ 'ಕಥೆ'ಗೆ ಬದಲು 'ಕತೆ' ಎಂದು ಬರೆದರೆ ಏನೂ ಕೆಡುವುದಿಲ್ಲ. ಅದು ತದ್ಭವ, ಪುಸ್ತಕದಲ್ಲೂ ಸರಿಯೇ.

ಕಾಗುಣಿತ ಎನ್ನುವುದು ಆಕಾಶದಿಂದ ಇಳಿದು ಬಂದದ್ದೂ ಅಲ್ಲ, ಗೊತ್ತಾ? ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಎಂಬ ವ್ಯಾಕರಣ ಬರೆದ. ಆಗ ಕನ್ನಡದಲ್ಲಿ ಇವತ್ತಿನ 'ಳ' ಅಲ್ಲದೆ ಇನ್ನೊಂದು 'ೞ' ಇತ್ತು. ಜನ ಎರಡನ್ನೂ ಬೆರೆಸಿಬಿಡುತ್ತಿದ್ದರು. ಯಾವ ಯಾವ ಪದಗಳಲ್ಲಿ ಆ 'ೞ' ಬರಬೇಕು ಎಂದು ಕೇಶಿರಾಜ ಪಟ್ಟಿಯನ್ನೇ ಕೊಟ್ಟ. ಏನಾಯಿತು? ಅಕ್ಷರ ಹೋಗಿಯೇ ಹೋಯಿತು. ಇವತ್ತು 'ಮಳೆ', 'ಬಾಳೆ' ಎಂದು ಬರೆಯುವ ನಾವೆಲ್ಲ ಕೇಶಿರಾಜನ ಲೆಕ್ಕದಲ್ಲಿ ತಪ್ಪು ಬರೆಯುವವರೇ! ನಮ್ಮೂರಿನ ಹೆಸರನ್ನೇ ನೋಡಿ. ಕನ್ನಡದಲ್ಲಿ 'ಮೈಸೂರು' ಎಂದೇ ಬರೆಯುತ್ತಾ ಬಂದಿದ್ದೇವೆ. ಇಂಗ್ಲಿಷಿನಲ್ಲಿ ಮಾತ್ರ 'ಮೈಸೋರ್' ಎನ್ನುವಂತೆ ಬರೆಯುತ್ತಿದ್ದ ಕಾಗುಣಿತ, 2014ರ ನವೆಂಬರ್ 1ರಂದು ಸರ್ಕಾರದ ಆಜ್ಞೆಯಿಂದ ಬದಲಾಯಿತು. ಹಿಂದಿನ ದಿನ ಸರಿಯಾಗಿದ್ದದ್ದು ಮರುದಿನ ಹಳತಾಯಿತು.

ಗ್ರೂಪಿನ ಮೇಷ್ಟ್ರು

ಇಷ್ಟೆಲ್ಲ ಹೇಳಿದ್ದು ಈಗ ಹೇಳಲಿರುವ ಮಾತಿಗಾಗಿಯೇ. ಪ್ರತಿಯೊಂದು ಮನೆತನದ ವಾಟ್ಸಾಪ್ ಗ್ರೂಪಿನಲ್ಲೂ ಒಬ್ಬ ಮೇಷ್ಟ್ರು ಇರುತ್ತಾರೆ. ಸಾಮಾನ್ಯವಾಗಿ ನಿವೃತ್ತರಾದ ದೊಡ್ಡಪ್ಪನೋ ಭಾವನೋ, ಇಲ್ಲವೇ ತುಂಬಾ ಓದಿದ ಸೊಸೆಯೋ. ಯಾರೇ ಏನೇ ಬರೆಯಲಿ, ಕೆಳಗೆ ಒಂದು ನಕ್ಷತ್ರ ಹಾಕಿ ಸರಿಯಾದ ಪದ ಬರೆಯುವುದೇ ಅವರ ಕಾಯಕ.

ಈಗ ಅದೇ ಗ್ರೂಪಿನ ಚಿಕ್ಕಮ್ಮನನ್ನು ನೆನೆಸಿಕೊಳ್ಳಿ. ಏಳನೆಯ ಕ್ಲಾಸಿಗೆ ಶಾಲೆ ಬಿಡಿಸಿದರು. ಮದುವೆಯಾಯಿತು. ಆಮೇಲೆ ಅವರು ಬರೆದದ್ದೆಂದರೆ ದಿನಸಿಯ ಪಟ್ಟಿ, ಹಾಲಿನ ಲೆಕ್ಕ, ವರ್ಷಕ್ಕೆ ಎರಡು ಮೂರು ಕಾಗದ. ಟೆಲಿಫೋನು ಬಂದ ಮೇಲೆ ಆ ಕಾಗದವೂ ನಿಂತಿತು. ಈಗ ಅರವತ್ತರ ಹೊತ್ತಿಗೆ ಮೊಮ್ಮಗ ಫೋನು ಕೊಟ್ಟು ಕನ್ನಡ ಒತ್ತುವುದನ್ನು ತೋರಿಸಿದ್ದಾನೆ. ಒಂದೊಂದು ಅಕ್ಷರ ಹುಡುಕಿ ಹುಡುಕಿ, ಕನ್ನಡಕ ಸರಿಮಾಡಿಕೊಂಡು, ಹತ್ತು ನಿಮಿಷ ಕೂತು 'ಹುಟ್ಟು ಹಬ್ಬದ ಶುಭಾಷಯ ಕಂದ, ನೂರು ಕಾಲ ಬಾಳು' ಎಂದು ಬರೆದು ಕಳಿಸುತ್ತಾರೆ. ಅರ್ಧ ನಿಮಿಷದಲ್ಲಿ ಮೇಷ್ಟ್ರ ನಕ್ಷತ್ರ ಬೀಳುತ್ತದೆ: 'ಶುಭಾಶಯ'. ಅದಕ್ಕೆ ನಾಲ್ಕು ಜನ ನಗುವ ಮುಖ ಹಾಕುತ್ತಾರೆ.

ಸರಿಯೇ. ಶುಭ ಮತ್ತು ಆಶಯ ಸೇರಿ ಶುಭಾಶಯ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಮಾರನೆಯ ದಿನದಿಂದ ಚಿಕ್ಕಮ್ಮ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಬಿಟ್ಟು ಬೇರೇನೂ ಹಾಕುವುದಿಲ್ಲ. ಯಾರೋ ಕಳಿಸಿದ ಗುಲಾಬಿ ಹೂವಿನ 'ಶುಭೋದಯ'ವನ್ನು ಮುಂದಕ್ಕೆ ತಳ್ಳುತ್ತಾರೆ. ಗ್ರೂಪಿನಲ್ಲಿ ಅಡ್ಡಾಡುವ ಹೂವು, ದೇವರ ಪಟ, ಕೈಮುಗಿದ ಚಿತ್ರಗಳನ್ನೆಲ್ಲ ಕಂಡು ಮೂಗು ಮುರಿಯುವ ಮಕ್ಕಳೇ, ಒಮ್ಮೆ ಯೋಚಿಸಿ. ಅವುಗಳಲ್ಲಿ ಎಷ್ಟರ ಹಿಂದೆ ಬರೆಯಲು ಅಂಜಿದ ಒಬ್ಬ ಹೆಂಗಸು ಇದ್ದಾಳೋ!

2011ರ ಜನಗಣತಿಯ ಪ್ರಕಾರ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82 ಮಂದಿ ಅಕ್ಷರಸ್ಥರಾದರೆ ಹೆಂಗಸರಲ್ಲಿ 68 ಮಂದಿ. ಅಕ್ಷರಸ್ಥರೆಂದು ಲೆಕ್ಕಕ್ಕೆ ಸೇರಿದ ಹೆಂಗಸರಲ್ಲೂ ಪೆನ್ನು ಹಿಡಿಯುವ ಸಂದರ್ಭವೇ ಬಾರದೆ ದಶಕಗಳನ್ನು ಕಳೆದವರು ಎಷ್ಟೋ ಮಂದಿ. ಅಂಥವರನ್ನು ಮತ್ತೆ ಬರೆಯುವಂತೆ ಮಾಡಿದ್ದು ಯಾವ ಯೋಜನೆಯೂ ಅಲ್ಲ, ಮೊಮ್ಮಕ್ಕಳ ಮೇಲಿನ ಆಸೆ ಮತ್ತು ಈ ಕೈಯಗಲದ ಫೋನು. ಅವರ ಬರವಣಿಗೆ ನಿಂತರೆ ನಷ್ಟ ಯಾರಿಗೆ? ಮಾವಿನಕಾಯಿ ಗೊಜ್ಜಿಗೆ ಅವರು ಹಾಕುವ ಮೆಂತ್ಯದ ಅಳತೆ ನಮಗೆ ಸಿಗುವುದಿಲ್ಲ. ಬಾಣಂತಿಗೆ ಏನು ಕೊಡುತ್ತಿದ್ದರು ಎನ್ನುವುದು ಸಿಗುವುದಿಲ್ಲ. ಅದಕ್ಕಿಂತ ಮುಖ್ಯ, 'ನೆನ್ನೆಯಿಂದ ಯಾಕೊ ಎದೆ ಬಾರ ಕಣೆ' ಎಂದು ಬರೆಯಬೇಕಾದವರು ಕಾಗುಣಿತಕ್ಕೆ ಅಂಜಿ ಬರೆಯದೆ ಕೂತರೆ? 'ಭಾರ'ಕ್ಕೆ ಮಹಾಪ್ರಾಣ ಇಲ್ಲ ಎಂದು ಆ ಹೊತ್ತಿನಲ್ಲಿ ಯಾರಾದರೂ ನೋಡುತ್ತಾರೆಯೇ?

ಹಾಗಾದರೆ ತಿದ್ದುವುದೇ ಬೇಡವೇ? ತಿದ್ದಿ, ಆದರೆ ನಾಲ್ಕು ಜನರ ಎದುರಿಗೆ ಬೇಡ. ನೀವು ಕೊಡುವ ಉತ್ತರದಲ್ಲೇ ಆ ಪದವನ್ನು ಸರಿಯಾಗಿ ಬರೆದರೆ ಸಾಕು. 'ನಿಮ್ಮ ಶುಭಾಶಯ ನೋಡಿ ಸಂತೋಷವಾಯಿತು ಚಿಕ್ಕಮ್ಮ' ಅಂತ ಬರೆಯಿರಿ. ಓದುವ ಕಣ್ಣು ತಾನಾಗಿಯೇ ಕಲಿಯುತ್ತದೆ. ಮಕ್ಕಳಿಗೆ ಮಾತು ಕಲಿಸಿದ್ದು ಹೀಗೇ ತಾನೇ? 'ತಾತಿ' ಎಂದ ಮಗುವಿಗೆ 'ಹೌದು ಪುಟ್ಟ, ಚಪಾತಿ' ಎಂದೆವೇ ಹೊರತು ನಕ್ಷತ್ರ ಹಾಕಲಿಲ್ಲ. ನಿಮ್ಮ ಗ್ರೂಪಿನ ಮೇಷ್ಟ್ರಿಗೂ ಯಾರಾದರೂ ಹಿರಿಯರು ಒಂದು ಮಾತು, ಅದೂ ಖಾಸಗಿಯಾಗಿ, ಹೇಳಿದರೆ ಒಳ್ಳೆಯದು. ಅವರಿಗೆ ಮದುವೆಯ ಕರೆಯೋಲೆ ತಿದ್ದುವ ಕೆಲಸ ಒಪ್ಪಿಸಿ. ಅವರ ವಿದ್ಯೆಗೆ ಅದೇ ತಕ್ಕ ಜಾಗ.

ಇಲ್ಲಿ ಮಾತ್ರ ಬೆತ್ತ ಹಿಡಿಯಿರಿ

ಹರಟೆಯಲ್ಲಿ ಬಿಟ್ಟುಕೊಟ್ಟದ್ದನ್ನು ಕೆಲವು ಕಡೆ ಬಿಟ್ಟುಕೊಡಬಾರದು. ಮೊದಲನೆಯದು ಔಷಧ. ಕನ್ನಡದಲ್ಲಿ 'ಬೇಕು' ಎನ್ನುವುದಕ್ಕೂ 'ಬೇಡ' ಎನ್ನುವುದಕ್ಕೂ ಇರುವ ದೂರ ಒಂದೇ ಅಕ್ಷರದ್ದು. 'ಮಾವನಿಗೆ ರಾತ್ರಿ ಆ ಮಾತ್ರೆ ಕೊಡಬೇಡಿ' ಎಂಬುದು ಅವಸರದಲ್ಲಿ 'ಕೊಡಬೇಕು' ಆದರೆ ಏನಾದೀತು, ಯೋಚಿಸಿ. ಫೋನು ತಾನೇ ಜಾಣನಾಗಿ ಪದ ತುಂಬಿಕೊಡುತ್ತದಲ್ಲ, ಅದು ನಿಮ್ಮ ಮನಸ್ಸಿನಲ್ಲಿರುವುದನ್ನೇ ತುಂಬುತ್ತದೆ ಎಂಬ ಭರವಸೆ ಇಲ್ಲ. ಮಾತ್ರೆಯ ವಿಷಯ ಬರೆಯುವಾಗ ಪೂರ್ತಿ ವಾಕ್ಯ ಬರೆಯಿರಿ. ಮಾತ್ರೆಯ ಹೆಸರು, ಎಷ್ಟು, ಊಟದ ಮೊದಲೋ ಆಮೇಲೋ ಎಲ್ಲವೂ ಇರಲಿ. ಚೀಟಿಯ ಫೋಟೊ ತೆಗೆದು ಜೊತೆಗೆ ಹಾಕಿ. ಸಾಧ್ಯವಾದರೆ ಫೋನು ಮಾಡಿ ಬಾಯಲ್ಲೂ ಹೇಳಿ. ಹಣದ ಲೆಕ್ಕ, ರೈಲಿನ ಸಮಯ, ವಿಳಾಸ ಇವುಗಳಿಗೂ ಇದೇ ನಿಯಮ. 'ಸಾಯಂಕಾಲ 5' ಎಂದು ಅಂಕಿಯಲ್ಲಿ ಬರೆದರೆ 'ಐದೋ ಆರೋ' ಎಂಬ ಅನುಮಾನಕ್ಕೆ ಎಡೆಯಿಲ್ಲ.

ಎರಡನೆಯದು ಸಾವಿನ ಮನೆ. ದುಃಖದಲ್ಲಿರುವವರಿಗೆ ನಾಲ್ಕು ಸಾಲು ಕಳಿಸುವಾಗ ಹೋದವರ ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ಅವರ ಮನೆಯವರು ಹೆಸರನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ. 'ಶ್ರದ್ಧಾಂಜಲಿ'ಯಲ್ಲಿ ದಕಾರಕ್ಕೆ ಧಕಾರದ ಒತ್ತು ಬರಬೇಕು. ಕಷ್ಟವೆನಿಸಿದರೆ ಆ ಪದವನ್ನೇ ಬಿಡಿ. 'ಸುದ್ದಿ ತಿಳಿದು ಬಹಳ ಸಂಕಟವಾಯಿತು. ಶನಿವಾರ ಬರುತ್ತೇವೆ' ಎನ್ನುವ ಮಾತು ಇನ್ನೂ ಹತ್ತಿರವಾಗುತ್ತದೆ.

ಮೂರನೆಯದು ವ್ಯಾಕರಣದ ಪುಸ್ತಕದಲ್ಲಿ ಸಣ್ಣ ಜಾಗದಲ್ಲಿರುವ, ನಮ್ಮ ಮನೆಗಳಲ್ಲಿ ಬಹಳ ದೊಡ್ಡ ಜಾಗದಲ್ಲಿರುವ ವಿಷಯ: ಏಕವಚನ, ಬಹುವಚನ. 'ಊಟ ಮಾಡಿ' ಎಂದು ಅತ್ತೆಗೆ ಬರೆಯಹೊರಟವಳು ಅವಸರದಲ್ಲಿ 'ಊಟ ಮಾಡು' ಎಂದು ಒತ್ತಿದರೆ ಮುಗಿಯಿತು. ಅಕ್ಷರ ತಪ್ಪಿದರೆ ನಗುತ್ತಾರೆ, ವಚನ ತಪ್ಪಿದರೆ ಮುಖ ತಿರುಗಿಸುತ್ತಾರೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಸೊಸೆಯರಿಗೆ ಇದು ನಿಜವಾಗಿಯೂ ತೊಡಕು. ಇಂಗ್ಲಿಷಿನಲ್ಲಿ ಮಗುವಿಗೂ ಮಾವನಿಗೂ ಒಂದೇ ಪದ. ಅತ್ತೆಯರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು, ಸೊಸೆಯರು ಕಳಿಸುವ ಮುಂಚೆ ಕ್ರಿಯಾಪದದ ಬಾಲವನ್ನೊಮ್ಮೆ ನೋಡಿಕೊಳ್ಳಬೇಕು. ವಾಟ್ಸಾಪಿನಲ್ಲಿ 2023ರಿಂದ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದುವ ಅವಕಾಶ ಇದೆ. ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದರೆ ಮೇಲೆ ಬರುವ ಆಯ್ಕೆಗಳಲ್ಲಿ ಅದೂ ಇರುತ್ತದೆ. 'ಮಾಡು' ಎಂಬುದನ್ನು 'ಮಾಡಿ' ಮಾಡಲು ಅಷ್ಟು ಹೊತ್ತು ಸಾಕು!

ಒಂದು ಚುಕ್ಕೆಯೂ ಮುಖ ಕೆಡಿಸುತ್ತದಂತೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾನಿಲಯದವರು 2015ರಲ್ಲಿ 126 ವಿದ್ಯಾರ್ಥಿಗಳಿಗೆ ಸಣ್ಣ ಸಣ್ಣ ಮೆಸೇಜುಗಳನ್ನು ತೋರಿಸಿ ನೋಡಿದರು. ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಓದಿದವರಿಗೆ ಅದು ಮನಃಪೂರ್ವಕವಲ್ಲ ಎನಿಸಿತಂತೆ. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದರೆ ಹಾಗೇನೂ ಅನಿಸಲಿಲ್ಲ. ನೋಡಿ, ಶಾಲೆಯಲ್ಲಿ ಮಾರ್ಕು ತಂದುಕೊಡುವ ಚುಕ್ಕೆ ಮೆಸೇಜಿನಲ್ಲಿ ಬಿಗುವಾಗಿ ಕಾಣುತ್ತದೆ! ನಮ್ಮಲ್ಲೂ 'ಸರಿ.' ಎಂದರೆ ಒಂದು ಥರ, 'ಸರಿಯಮ್ಮಾ' ಎಂದರೆ ಇನ್ನೊಂದು ಥರ. ಹಿರಿಯರು ಚುಕ್ಕೆ ಇಡುವುದು ಶಾಲೆಯ ಅಭ್ಯಾಸದಿಂದ, ಸಿಟ್ಟಿನಿಂದಲ್ಲ ಎಂದು ಕಿರಿಯರು ತಿಳಿದಿರಲಿ.

ಕೈಗೆ ಬಂದರೆ ಸುಲಭ

ಕನ್ನಡದಲ್ಲಿ ಬರೆಯಲು ಈಗ ಮೂರು ದಾರಿ ಇವೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಮೂಡುವ ಬಗೆ ಒಂದು. ಇದರಲ್ಲಿ ಮೇಲ್ಗಡೆ ಮೂರು ನಾಲ್ಕು ಪದಗಳು ಕಾಣುತ್ತವೆ. ಹಲ್ಲಿಯೋ ಹಳ್ಳಿಯೋ ನೋಡಿ ಆರಿಸಿಕೊಳ್ಳಬೇಕು, ಸುಮ್ಮನೆ ಮುಂದಕ್ಕೆ ಹೋಗಬಾರದು. ಎರಡನೆಯದು ಕನ್ನಡ ಅಕ್ಷರಗಳೇ ಇರುವ ಕೀಲಿಮಣೆ. ಮೊದಲ ವಾರ ಅಕ್ಷರ ಹುಡುಕುವುದೇ ಆಗುತ್ತದೆ, ಆಮೇಲೆ ಬೆರಳು ತಾನೇ ಹೋಗುತ್ತದೆ. ಒತ್ತಕ್ಷರ ಬೇಕಾದರೆ ಮೊದಲು ಅಕ್ಷರ, ಆಮೇಲೆ ಅರ್ಧಾಕ್ಷರದ ಗುರುತು '್', ಆಮೇಲೆ ಒತ್ತಾಗಬೇಕಾದ ಅಕ್ಷರ. 'ಅಕ್ಕ' ಬರೆಯಲು ಅ, ಕ, ್, ಕ. ಇದೊಂದು ಗುಟ್ಟು ತಿಳಿದರೆ 'ರಾಷ್ಟ್ರ'ವೂ ಬರುತ್ತದೆ, 'ಮಧ್ಯಾಹ್ನ'ವೂ ಬರುತ್ತದೆ. ಅಂದ ಹಾಗೆ ಮಧ್ಯಾಹ್ನ, ಚಿಹ್ನೆ, ಬ್ರಾಹ್ಮಣ ಇವುಗಳಲ್ಲಿ ಬಾಯಿ ಹಕಾರವನ್ನು ಆಮೇಲೆ ಹೇಳಿದರೂ ಬರೆಯುವಾಗ ಹಕಾರವೇ ಮೊದಲು.

ಮೂರನೆಯದು ಮಾತಾಡಿ ಬರೆಸುವುದು. 2017ರ ಆಗಸ್ಟ್‌ನಲ್ಲಿ ಗೂಗಲ್‌ನವರು ತಮ್ಮ ಈ ಸೌಲಭ್ಯಕ್ಕೆ ಕನ್ನಡವನ್ನೂ ಸೇರಿಸಿದರು. ಕೀಲಿಮಣೆಯ ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅಕ್ಷರ ಬೀಳುತ್ತದೆ. ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ ಇದು ವರವೇ. ಆದರೆ ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರೆ, ಟಿ.ವಿ. ಕೂಗುತ್ತಿದ್ದರೆ ಅದು ಏನೇನೋ ಕೇಳಿಸಿಕೊಂಡು ಏನೇನೋ ಬರೆಯುತ್ತದೆ. ಓದಿ ನೋಡಿಯೇ ಕಳಿಸಿ.

ಯಾವುದು ಸರಿ ಎಂಬ ಅನುಮಾನ ಬಂದರೆ? ನಿಘಂಟು ನೋಡುವುದಕ್ಕೆ ನಾಚಿಕೆ ಬೇಡ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, 107 ವರ್ಷ ಬಾಳಿ, 2021ರಲ್ಲಿ ತೀರಿಕೊಂಡ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣ ಬರೆಯುತ್ತಿದ್ದರು. ಓದುಗರು ಈ ಪದ ಸರಿಯೇ, ಆ ಪದ ಸರಿಯೇ ಎಂದು ಕೇಳುತ್ತಿದ್ದರು, ಅವರು ಬಿಡಿಸಿ ಹೇಳುತ್ತಿದ್ದರು. ಅದು ಪುಸ್ತಕವಾಗಿಯೂ ಬಂದಿದೆ, ಗ್ರಂಥಾಲಯದಲ್ಲಿ ಕೇಳಿ ನೋಡಿ. ಹೋಟೆಲಿನ ಬೋರ್ಡುಗಳಲ್ಲಿ ಕಾಣುವ 'ಉಪಹಾರ'ವನ್ನೇ ತೆಗೆದುಕೊಳ್ಳಿ. ಉಪ ಮತ್ತು ಆಹಾರ ಸೇರಿದರೆ 'ಉಪಾಹಾರ', ದೀರ್ಘ ಬೇಕು. ದೀರ್ಘ ಬಿಟ್ಟರೆ ಕಾಣಿಕೆ ಎಂದು ಅರ್ಥ. ಕಾಣಿಕೆ ಎಂದು ನಂಬಿ ದೋಸೆ ತಿಂದು ದುಡ್ಡು ಕೊಡದೆ ಎದ್ದುಬಂದರೆ ಮಾಲೀಕರು ಬಿಟ್ಟಾರೆಯೇ?

ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಕನ್ನಡ ಕೀಲಿಮಣೆ ಇದೆಯೇ, ಇವತ್ತೇ ನೋಡಿ. ಇಲ್ಲದಿದ್ದರೆ ಹಾಕಿಕೊಡಲು ಹತ್ತು ನಿಮಿಷ ಸಾಕು, ಮಗನಿಗೋ ಮೊಮ್ಮಗಳಿಗೋ ಹೇಳಿ. ಆದರೆ ಅವರು ಹಾಕಿಕೊಟ್ಟ ತಕ್ಷಣ ಎದ್ದು ಓಡಲು ಬಿಡಬೇಡಿ. ಒತ್ತು ಹೇಗೆ ಕೊಡುವುದು, ತಪ್ಪಿದ ಅಕ್ಷರ ಅಳಿಸುವುದು ಹೇಗೆ, ಪ್ರಶ್ನೆಚಿಹ್ನೆ ಎಲ್ಲಿದೆ, ಈ ಮೂರನ್ನು ಅಜ್ಜಿಯ ಕೈಯಲ್ಲೇ ಮಾಡಿಸಿ ತೋರಿಸಿ ಆಮೇಲೆ ಏಳಲಿ. ಕಲಿಯುವಾಗ ಬರೆಯಲು ಏನೂ ತೋಚದಿದ್ದರೆ 'ನಾಳೆ ಬರಲಾ?' ಎಂದೇ ಬರೆಯಿಸಿ, ಕೊನೆಯ ಆ ಕೊಕ್ಕೆಯ ಸಮೇತ.